ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಎಷ್ಟು ದೂರ, ಎಷ್ಟು ಹೊತ್ತು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಫೋನಿನಲ್ಲಿ ಹುಡುಕಿದರೆ ಸುಮಾರು 14,000 ಕಿ.ಮೀ. ಎಂಬ ಉತ್ತರ ಒಡನೆಯೇ ಬರುತ್ತದೆ. ಅದರ ಕೆಳಗೇ, ವಿಮಾನದಲ್ಲಿ ಇಷ್ಟು ಗಂಟೆ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಅನೇಕ ಕಡೆ ಈ ಎರಡನೆಯ ಅಂಕಿ ಮೊದಲನೆಯದನ್ನು ವಿಮಾನದ ಸರಾಸರಿ ವೇಗದಿಂದ ಭಾಗಿಸಿ, ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸಿ ಪಡೆದದ್ದು. ನನ್ನ ತಂಗಿಯ ಸಂಸಾರ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಫ್ರೀಮಾಂಟ್‌ನಲ್ಲಿರುವುದರಿಂದ ಈ ಪ್ರಶ್ನೆ ನಮ್ಮ ಮನೆಯಲ್ಲಿ ಆಗಾಗ ಏಳುತ್ತದೆ. ಟಿಕೆಟ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ಉತ್ತರ ಹೇಳಬೇಕಾದವನೂ ನಾನೇ. ದೂರ ಗೊತ್ತಾದರೆ ಹೊತ್ತು ತಾನಾಗಿ ಗೊತ್ತಾಗುತ್ತದೆ ಎಂಬ ಲೆಕ್ಕ ಬೆಂಗಳೂರು–ಮೈಸೂರಿನ ರಸ್ತೆಗೇ ಸರಿಯಾಗಿ ಹೊಂದುವುದಿಲ್ಲ, ಭೂಮಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸುತ್ತಬೇಕಾದ ಈ ಪ್ರಯಾಣಕ್ಕಂತೂ ಹೊಂದುವುದೇ ಇಲ್ಲ. ಇಲ್ಲಿ ಹೆಚ್ಚು ದೂರ ಹಾರಿದ ವಿಮಾನ ಬೇಗ ತಲುಪುವುದೂ ಉಂಟು.

ಮೊದಲು ಆ 14,000 ಎಲ್ಲಿಂದ ಬಂತು ಎಂಬುದನ್ನು ನೋಡೋಣ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 13.2 ಡಿಗ್ರಿ, ಪೂರ್ವ ರೇಖಾಂಶ 77.7 ಡಿಗ್ರಿಯಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಉತ್ತರ ಅಕ್ಷಾಂಶ 37.6 ಡಿಗ್ರಿ, ಪಶ್ಚಿಮ ರೇಖಾಂಶ 122.4 ಡಿಗ್ರಿಯಲ್ಲಿದೆ. ಗೋಲದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯು ಗೋಲದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಹೊಂದಿದ ಮಹಾವೃತ್ತದ ಒಂದು ತುಂಡು ಎಂಬುದು ಹಳೆಯ ರೇಖಾಗಣಿತ. ಆ ಸೂತ್ರದಲ್ಲಿ ಈ ನಾಲ್ಕು ಅಂಕಿಗಳನ್ನು ಹಾಕಿದರೆ ಎರಡು ನಿಲ್ದಾಣಗಳು ಭೂಮಿಯ ಕೇಂದ್ರದಲ್ಲಿ ಉಂಟುಮಾಡುವ ಕೋನ ಸುಮಾರು 126 ಡಿಗ್ರಿ ಎಂದು ಬರುತ್ತದೆ. ಭೂಮಿಯ ಸುತ್ತಳತೆ 40,000 ಕಿ.ಮೀ.ಗಿಂತ ತುಸು ಹೆಚ್ಚು ಇರುವುದರಿಂದ ಒಂದು ಡಿಗ್ರಿಗೆ 111 ಕಿ.ಮೀ. ಆಗುತ್ತದೆ. ಹೀಗೆ ಒಟ್ಟು ದೂರ 13,990 ಕಿ.ಮೀ. ಆಸುಪಾಸು ಆಗುತ್ತದೆ. ಇದು ನೆಲಮಟ್ಟದ ದೂರ. ವಿಮಾನ 35,000 ಅಡಿ ಎತ್ತರದಲ್ಲಿ, ಅಂದರೆ ಸ್ವಲ್ಪ ದೊಡ್ಡ ವೃತ್ತದಲ್ಲಿ, ಹಾರುವುದರಿಂದ ಇನ್ನೂ 20 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಸೇರುತ್ತದೆ. ಆದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡದಲ್ಲ.

ಈ ಅತಿ ಹತ್ತಿರದ ದಾರಿ ಎಲ್ಲಿ ಹಾದುಹೋಗುತ್ತದೆ ಎಂಬುದು ಗೋಡೆಯ ಮೇಲಿನ ಭೂಪಟ ನೋಡಿ ಬೆಳೆದವರಿಗೆ ಅಚ್ಚರಿ ತರುತ್ತದೆ. ಭೂಪಟದಲ್ಲಿ ನಾವು ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಎಡಕ್ಕೆ ಹೋಗುತ್ತೇವೆ, ಇಲ್ಲವೇ ಚೀನಾ, ಪೆಸಿಫಿಕ್ ದಾಟಿ ಬಲಕ್ಕೆ ಹೋಗುತ್ತೇವೆ. ಮಕ್ಕಳ ಭೂಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ಅದು ಎಡಕ್ಕೂ ಬಲಕ್ಕೂ ಅಲ್ಲ, ಬಹುಪಾಲು ನೇರ ಉತ್ತರಕ್ಕೆ ಹೊರಡುತ್ತದೆ. ದೇವನಹಳ್ಳಿಯಿಂದ ಆಂಧ್ರ, ತೆಲಂಗಾಣ, ಛತ್ತೀಸಗಢ. ಪ್ರಯಾಗರಾಜ್‌ನ ಪೂರ್ವಕ್ಕೆ ಗಂಗೆಯ ಬಯಲು. ನೇಪಾಳದಲ್ಲಿ ಅನ್ನಪೂರ್ಣಾ ಶಿಖರಗಳ ಆಸುಪಾಸು. ಅಲ್ಲಿಂದ ಟಿಬೆಟ್, ಶಿನ್‌ಜಿಯಾಂಗ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ. ರಷ್ಯಾದ ಉತ್ತರ ತೀರದಾಚೆ ಪೂರ್ವ ಸೈಬೀರಿಯಾ ಸಮುದ್ರದ ಮೇಲೆ ಅದು 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲ್ಲಿಂದ ಬಾಗಿ, ಅಲಾಸ್ಕಾದ ಒಳನಾಡನ್ನು ದಾಟಿ, ಪೆಸಿಫಿಕ್‌ನ ಅಂಚಿನಲ್ಲಿ ತೆಂಕಣಕ್ಕೆ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಹೇಳಬೇಕಾದ ಮಾತೆಂದರೆ, ಈ ಗೆರೆಯನ್ನು ಆರಂಭದಿಂದ ಕೊನೆಯವರೆಗೆ ಹಿಡಿದು ಹಾರುವ ಪ್ರಯಾಣಿಕರ ವಿಮಾನ ಇಲ್ಲ.

ಮೊದಲ ಅಡ್ಡಿ ಹಿಮಾಲಯ ಮತ್ತು ಅದರ ಹಿಂದಿನ ಟಿಬೆಟ್. ವಿಮಾನ ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಎಂಟು ಕಿಲೋಮೀಟರ್ ಎತ್ತರದ ಶಿಖರ ಅದನ್ನು ತಡೆಯುವುದಿಲ್ಲ. ತೊಡಕಿರುವುದು ಕೆಳಗಿಳಿಯಬೇಕಾಗಿ ಬಂದಾಗ. ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಮಾತ್ರ. ಅಷ್ಟರೊಳಗೆ ವಿಮಾನ ಜನರು ಸಹಜವಾಗಿ ಉಸಿರಾಡಬಹುದಾದ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ, ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಹೆಚ್ಚು ಆಮ್ಲಜನಕ ಹೊತ್ತ, ಅದಕ್ಕಾಗಿ ವಿಶೇಷ ಅನುಮತಿ ಪಡೆದ ವಿಮಾನಗಳು ಅಲ್ಲಿ ಹಾರುತ್ತವೆ, ಲಾಸಾಗೆ ದಿನವೂ ವಿಮಾನಗಳಿವೆ; ಆದರೆ ದೂರ ಪ್ರಯಾಣದ ಸಾಮಾನ್ಯ ಮಾರ್ಗಗಳು ಆ ಪ್ರದೇಶವನ್ನು ತಪ್ಪಿಸಿ ಸುತ್ತು ಹಾಕಿಕೊಂಡೇ ಹೋಗುತ್ತವೆ. ಹೀಗೆ ಬೆಂಗಳೂರಿನಿಂದ ಹೊರಟ ವಿಮಾನ ಅತಿ ಹತ್ತಿರದ ದಾರಿಯನ್ನು ನೇಪಾಳದ ಗಡಿಯೊಳಗೇ ಬಿಟ್ಟುಕೊಡಬೇಕಾಗುತ್ತದೆ, ಪೂರ್ವಕ್ಕೋ ಪಶ್ಚಿಮಕ್ಕೋ ಎಂಬ ಪ್ರಶ್ನೆ ಎದುರಾಗುತ್ತದೆ.

ಪಶ್ಚಿಮಕ್ಕೆ ಸರಿದು ಮಧ್ಯ ಏಷ್ಯಾದ ಮೇಲೆ ಏರಿ ಉತ್ತರ ಧ್ರುವವನ್ನೇ ದಾಟುವುದು ಒಂದು ದಾರಿ. ಧ್ರುವ ಎಂದರೆ ಬಹು ದೂರದ ಸುತ್ತು ಎಂದು ತೋರುತ್ತದೆ, ಆದರೆ ಲೆಕ್ಕ ಹಾಕಿ ನೋಡಿ: ಬೆಂಗಳೂರಿನಿಂದ ಧ್ರುವಕ್ಕೆ 76.8 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52.4 ಡಿಗ್ರಿ, ಒಟ್ಟು 129.2 ಡಿಗ್ರಿ, ಅಂದರೆ ಸುಮಾರು 14,370 ಕಿ.ಮೀ. ಅತಿ ಹತ್ತಿರದ ದಾರಿಗಿಂತ ಇದು ಹೆಚ್ಚೆಂದರೆ 400 ಕಿ.ಮೀ. ಉದ್ದ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋಗಳ ರೇಖಾಂಶಗಳು ಹೆಚ್ಚುಕಡಿಮೆ ಎದುರುಬದುರಾಗಿರುವುದೇ ಇದಕ್ಕೆ ಕಾರಣ.

ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ಸೇವೆ ಆರಂಭಿಸಿದಾಗ ಮೊದಲ ವಿಮಾನ ಹಾರಿದ್ದು ಇದೇ ಧ್ರುವ ಮಾರ್ಗದಲ್ಲಿ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಬೋಯಿಂಗ್ 777-200ಎಲ್‌ಆರ್ ವಿಮಾನ ಜನವರಿ 11ರ ನಸುಕಿನ ಮೂರು ಗಂಟೆ ದಾಟಿದ ಮೇಲೆ ದೇವನಹಳ್ಳಿಯಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್ ಅದನ್ನು ನಡೆಸಿದರು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು ಎಂಬ ಕಾರಣಕ್ಕೆ ಆ ಹಾರಾಟ ಸುದ್ದಿಯಾಯಿತು. ಅಂದು ಅದು ಕ್ರಮಿಸಿದ ದೂರ ಸುಮಾರು 16,000 ಕಿ.ಮೀ. ಎಂದು ವರದಿಗಳು ಹೇಳಿದವು, ಹಿಡಿದ ಸಮಯ ಹದಿನೇಳು ಗಂಟೆ. ಕಾಗದದ ಮೇಲಿನ 13,990ಕ್ಕೂ ಆಕಾಶದ 16,000ಕ್ಕೂ ನಡುವೆ 2,000 ಕಿ.ಮೀ. ವ್ಯತ್ಯಾಸವಿದೆ. ಬೆಂಗಳೂರಿನಿಂದ ದೆಹಲಿಗೆ ಹೋಗುವುದಕ್ಕಿಂತಲೂ ಹೆಚ್ಚಿನ ದೂರ ಅದು.

ಧ್ರುವದ ಮೇಲೆ ಹಾರುವುದಕ್ಕೆ ಅದರದೇ ಆದ ಕಟ್ಟುಪಾಡುಗಳಿವೆ. ಹೊರಗಿನ ಚಳಿಯಲ್ಲಿ ರೆಕ್ಕೆಯೊಳಗಿನ ಇಂಧನ ನಿಧಾನವಾಗಿ ತಣ್ಣಗಾಗುತ್ತದೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಗೆ, ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಮೈನಸ್ 40 ಡಿಗ್ರಿಗೇ ಹೆಪ್ಪುಗಟ್ಟುವ ಹಂತಕ್ಕೆ ಬರಬಹುದಾದ್ದರಿಂದ ಪೈಲಟ್‌ಗಳು ಅದರ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ, ಅಗತ್ಯ ಬಿದ್ದರೆ ವೇಗ ಹೆಚ್ಚಿಸಿಯೋ ಎತ್ತರ ಬದಲಿಸಿಯೋ ಅದನ್ನು ಬೆಚ್ಚಗಿಡುತ್ತಾರೆ. ದಾರಿಯಲ್ಲಿ ತುರ್ತಾಗಿ ಇಳಿಯಬಹುದಾದ ನಿಲ್ದಾಣಗಳನ್ನು ಮೊದಲೇ ಗುರುತಿಸಿರಬೇಕು, ಅಲ್ಲಿ ಇಳಿದ ಪ್ರಯಾಣಿಕರನ್ನು ಹೇಗೆ ಕರೆತರುವುದು ಎಂಬ ಯೋಜನೆಯೂ ಸಿದ್ಧವಿರಬೇಕು. ಸೂರ್ಯನಲ್ಲಿ ಬಿರುಗಾಳಿ ಎದ್ದರೆ ರೇಡಿಯೊ ಸಂಪರ್ಕ ಕೆಡುತ್ತದೆಂದು ಧ್ರುವ ಮಾರ್ಗವನ್ನೇ ಕೈಬಿಡುವುದುಂಟು. ನಮಗೆ ಕಾಣುವುದು ಎದುರಿನ ಸೀಟಿನ ಹಿಂದಿರುವ ಪರದೆಯ ಮೇಲೆ ಗ್ರೀನ್‌ಲ್ಯಾಂಡ್‌ನ ಹತ್ತಿರ ಅಲುಗಾಡದಂತೆ ಕುಳಿತ ಪುಟ್ಟ ವಿಮಾನದ ಚಿತ್ರ ಮಾತ್ರ.

ಇನ್ನೊಂದು ದಾರಿ ಪೂರ್ವದ್ದು, ಬಂಗಾಳ ಕೊಲ್ಲಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ದಾಟುವುದು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ ಇದು, ಏಕೆಂದರೆ ಗಾಳಿ ಲೆಕ್ಕಕ್ಕೆ ಬರುವುದು ಇಲ್ಲಿ. ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹರಿವಿದೆ. ಚಳಿಗಾಲದಲ್ಲಿ ಜಪಾನಿನ ಆಚೆ ಅದು ಗಂಟೆಗೆ 200 ಕಿ.ಮೀ.ಗೂ ಹೆಚ್ಚಿನ ವೇಗ ಪಡೆಯುತ್ತದೆ. ತುಂಬಿದ ಹೊಳೆಯಲ್ಲಿ ಹರಿವಿನ ಜೊತೆ ಸಾಗುವ ಹರಿಗೋಲಿಗೂ ಅದೇ ಹರಿವಿಗೆ ಎದುರಾಗಿ ಹುಟ್ಟು ಹಾಕುವವನಿಗೂ ಇರುವ ಅಂತರವೇ ಇಲ್ಲಿಯೂ ಇರುವುದು. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ಇಡೀ ದಾರಿಯಲ್ಲಿ ಸರಾಸರಿ 100 ಕಿ.ಮೀ. ಬೆನ್ನುಗಾಳಿ ಸಿಕ್ಕಿದರೆ 14,000 ಕಿ.ಮೀ. ಹದಿನಾಲ್ಕು ಗಂಟೆಯ ದಾರಿ. ಅಷ್ಟೇ ಎದುರುಗಾಳಿ ಇದ್ದರೆ ಹದಿನೇಳೂವರೆ ಗಂಟೆಯ ದಾರಿ. ದೂರ ಒಂದಿಷ್ಟೂ ಬದಲಾಗಿಲ್ಲ, ಸಮಯ ಮಾತ್ರ ಮೂರೂವರೆ ಗಂಟೆ ಬದಲಾಗಿದೆ.

ಇದರ ಪ್ರತ್ಯಕ್ಷ ಪರೀಕ್ಷೆ ನಡೆದದ್ದು ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಮಾರ್ಗದಲ್ಲಿ. 2015ರ ಡಿಸೆಂಬರ್‌ನಲ್ಲಿ ಆರಂಭವಾದ ಆ ಸೇವೆ ಮೊದಲು ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿ.ಮೀ. ಹಾರುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದಿಕ್ಕನ್ನೇ ತಿರುಗಿಸಿ ಪೆಸಿಫಿಕ್ ಮೇಲೆ 15,300 ಕಿ.ಮೀ. ಹಾರಿಸಿತು. 1,400 ಕಿ.ಮೀ. ಹೆಚ್ಚು ಹಾರಿದ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಹಳೆಯ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ, ತಲುಪಿತು. ಆಗ ಅದು ಜಗತ್ತಿನ ಅತಿ ಉದ್ದದ ತಡೆರಹಿತ ಸೇವೆ ಎನಿಸಿಕೊಂಡಿತು. ಈಗ ಆ ಹೆಸರು 15,300 ಕಿ.ಮೀ. ದಾಟಿದ ಸಿಂಗಪುರ–ನ್ಯೂಯಾರ್ಕ್ ಸೇವೆಯದು. ಅಲ್ಲಿ ಗಾಳಿಯ ಕೃಪೆ ಎಷ್ಟೇ ಇದ್ದರೂ ಹದಿನೆಂಟು ಗಂಟೆಯಷ್ಟು ಕುಳಿತಿರಲೇಬೇಕು. ಬೆಂಗಳೂರಿನಿಂದ ಹೋಗುವಾಗ ಹದಿನಾರು ಗಂಟೆ, ಬರುವಾಗ ಹದಿನೇಳಕ್ಕೂ ಮೇಲೆ ಎಂದು ವೇಳಾಪಟ್ಟಿಗಳು ಹೇಳುತ್ತಿದ್ದುದಕ್ಕೆ ಕಾರಣವೂ ಇದೇ. ಹೋಗುವಾಗ ಗಾಳಿಯ ಜೊತೆ ಪೂರ್ವಕ್ಕೆ, ಬರುವಾಗ ಆ ಗಾಳಿಯನ್ನು ಆದಷ್ಟು ತಪ್ಪಿಸಿಕೊಂಡು ಬೇರೆ ದಾರಿಯಲ್ಲಿ. ಹೋದ ದಾರಿಯಲ್ಲೇ ವಿಮಾನ ಮರಳಿ ಬರುತ್ತದೆ ಎಂಬ ಭಾವನೆ ಈ ಮಾರ್ಗದಲ್ಲಿ ಬಹುಪಾಲು ಸುಳ್ಳು.

ಗಾಳಿಯಂತೆಯೇ ರಾಜಕೀಯವೂ ಗಂಟೆಗಳನ್ನು ಕೂಡಿಸಿ ಕಳೆಯುತ್ತದೆ. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ ಇದರಿಂದ ಆದ ತೊಂದರೆ ದೊಡ್ಡದು; ಅರಬ್ಬಿ ಸಮುದ್ರದ ಕಡೆಯಿಂದಲೇ ಹೋಗಬಹುದಾದ ಬೆಂಗಳೂರಿಗೆ ಅಷ್ಟಿಲ್ಲ. ರಷ್ಯಾದ ಕಥೆ ಇನ್ನೂ ವಿಚಿತ್ರ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು, ಭಾರತದ ವಿಮಾನಗಳಿಗೆ ತೆರೆದೇ ಇತ್ತು. ಅಮೆರಿಕದ ಯುನೈಟೆಡ್ ವಿಮಾನ ಕಂಪನಿ 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ಸೇವೆಯನ್ನು ಘೋಷಿಸಿತ್ತು, ಆದರೆ ಆ ವಿಮಾನ ಹಾರಲೇ ಇಲ್ಲ. ರಷ್ಯಾದ ಆಕಾಶ ತೆರೆದಿರುವುದು ಲಾಭವೇ ಆದರೂ ಅದರಲ್ಲಿ ಅಪಾಯವಿಲ್ಲದಿಲ್ಲ: 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಬೇಕಾಯಿತು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲೇ ಕಾಯಬೇಕಾಯಿತು. ಭೂಪಟದಲ್ಲಿ ಮಗದಾನ್ ಎಲ್ಲಿದೆ ಎಂದು ಆ ವಾರ ಹುಡುಕಿ ನೋಡಿದ ಬೆಂಗಳೂರಿನ ತಂದೆತಾಯಿಯರು ಕಡಿಮೆಯಿರಲಾರರು.

ಬೆಂಗಳೂರಿನ ನೇರ ಸೇವೆಯೂ ಒಂದೇ ಸಮನೆ ನಡೆದದ್ದಲ್ಲ. ಮಧ್ಯೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಇಷ್ಟು ಉದ್ದದ ಹಾರಾಟದ ಅರ್ಥಶಾಸ್ತ್ರವೇ ನಾಜೂಕಾದದ್ದು. ಕೊನೆಯ ಗಂಟೆಗಳಲ್ಲಿ ಉರಿಯಬೇಕಾದ ಇಂಧನವನ್ನು ಮೊದಲ ಹದಿನಾಲ್ಕು ಗಂಟೆ ಹೊತ್ತು ತಿರುಗಬೇಕು, ಅದನ್ನು ಹೊರುವುದಕ್ಕೇ ಮತ್ತಷ್ಟು ಇಂಧನ ಉರಿಯುತ್ತದೆ. ಎದುರುಗಾಳಿ ಜೋರಿರುವ ದಿನ ಸರಕನ್ನೋ ಸೀಟುಗಳನ್ನೋ ಖಾಲಿ ಬಿಡಬೇಕಾಗಬಹುದು. ಆದ್ದರಿಂದ ನೇರ ವಿಮಾನ ಇದೆ ಎಂದು ಯಾರೋ ಹೇಳಿದ ಮಾತನ್ನು ನಂಬಿ ರಜೆ ಹಾಕುವ ಮೊದಲು ಆಯಾ ಕಾಲದ ವೇಳಾಪಟ್ಟಿ ನೋಡಿಕೊಳ್ಳುವುದು ಲೇಸು. ವಿಮಾನಯಾನದ ಚಳಿಗಾಲದ ಪಟ್ಟಿ ಅಕ್ಟೋಬರ್‌ನ ಕೊನೆಯ ಭಾನುವಾರ, ಬೇಸಿಗೆಯದು ಮಾರ್ಚ್‌ನ ಕೊನೆಯ ಭಾನುವಾರ ಆರಂಭವಾಗುತ್ತದೆ. ಪಟ್ಟಿಯಲ್ಲಿರುವ ಸಮಯ ಬರೀ ಹಾರಾಟದ ಸಮಯವಲ್ಲ ಎಂಬುದೂ ನೆನಪಿರಲಿ. ಗೇಟಿನಿಂದ ಕದಲಿದ ಗಳಿಗೆಯಿಂದ ಇನ್ನೊಂದು ತುದಿಯ ಗೇಟಿಗೆ ಬಂದು ನಿಲ್ಲುವವರೆಗಿನ ಸಮಯ ಅದು, ರನ್‌ವೇವರೆಗೆ ತೆವಳುವುದು, ಸರದಿಯಲ್ಲಿ ನಿಲ್ಲುವುದು ಎಲ್ಲವೂ ಅದರೊಳಗೇ ಬರುತ್ತದೆ. ವಿಮಾನ ಅರ್ಧ ಗಂಟೆ ಮುಂಚೆ ಬಂತು ಎಂದು ಪೈಲಟ್ ಹೆಮ್ಮೆಯಿಂದ ಹೇಳಿದಾಗ ಆ ಅರ್ಧ ಗಂಟೆಯನ್ನು ಪಟ್ಟಿಯಲ್ಲೇ ಮೊದಲು ಸೇರಿಸಿಟ್ಟಿರುವ ಸಾಧ್ಯತೆ ಹೆಚ್ಚು.

ಗಡಿಯಾರದ ಲೆಕ್ಕ ಮನೆಯ ಹಿರಿಯರನ್ನು ದೂರಕ್ಕಿಂತ ಹೆಚ್ಚು ಗೊಂದಲಕ್ಕೆ ದೂಡುತ್ತದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ. ಚಳಿಗಾಲದ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದವರು ಅಲ್ಲಿ ಇಳಿದಾಗ ಅದೇ ದಿನದ ಸಂಜೆ ನಾಲ್ಕೂವರೆ. ಕ್ಯಾಲೆಂಡರಿನ ಪ್ರಕಾರ ಪ್ರಯಾಣಕ್ಕೆ ಹಿಡಿದದ್ದು ಎರಡೂವರೆ ಗಂಟೆ ಮಾತ್ರ! ಆ ಸಾಲ ಹಿಂತಿರುಗುವಾಗ ತೀರುತ್ತದೆ. ಮೇಲೆ ಹೇಳಿದ 2021ರ ವಿಮಾನದ ಪ್ರಯಾಣಿಕರು 9ರ ರಾತ್ರಿ ಹತ್ತಿ 11ರ ನಸುಕಿನಲ್ಲಿ ಇಳಿದರು. ಜನವರಿ 10 ಎಂಬ ದಿನ ಅವರ ಪಾಲಿಗೆ ಆಕಾಶದಲ್ಲೇ ಕಳೆಯಿತು. ಟಿಕೆಟ್‌ನಲ್ಲಿ ತಲುಪುವ ಸಮಯದ ಪಕ್ಕ ಚಿಕ್ಕದಾಗಿ ಬರೆದಿರುವ ಕೂಡಿಸುವ ಚಿಹ್ನೆ ಮತ್ತು ಅಂಕಿಯನ್ನು ನೋಡದೆ ನಿಲ್ದಾಣಕ್ಕೆ ಕರೆತರಲು ಹೋಗುವವರು ಒಂದು ದಿನ ಮೊದಲೇ ಹೋಗುತ್ತಾರೆ.

ನೇರ ವಿಮಾನ ಸಿಗದಿದ್ದಾಗ ಯಾವ ಊರಿನಲ್ಲಿ ಇಳಿದು ಹತ್ತಬೇಕು ಎಂಬ ಪ್ರಶ್ನೆಗೆ ದೂರದ ಲೆಕ್ಕ ಒಂದು ಹಂತದವರೆಗೆ ನೆರವಾಗುತ್ತದೆ. ದುಬೈ ಮೂಲಕ ಹೋದರೆ ಮೊದಲು 2,700 ಕಿ.ಮೀ., ಆಮೇಲೆ 13,000ಕ್ಕೂ ಸ್ವಲ್ಪ ಹೆಚ್ಚು. ಅಂದರೆ ನಾಲ್ಕು ಗಂಟೆ ಹಾರಿ ಇಳಿದ ಮೇಲೂ ಉಳಿದ ದಾರಿ ಬೆಂಗಳೂರಿನಿಂದ ಇದ್ದುದಕ್ಕಿಂತ ಬರೀ ಸಾವಿರ ಕಿಲೋಮೀಟರಿನಷ್ಟು ಕಡಿಮೆಯಾಗಿರುತ್ತದೆ, ಮತ್ತೆ ಹದಿನಾರು ಗಂಟೆಯಷ್ಟು ಕುಳಿತಿರಬೇಕು. ಸಿಂಗಪುರದ್ದೂ ಇದೇ ಹಣೆಬರಹ, 3,200ರ ಮೇಲೆ 13,600. ಫ್ರಾಂಕ್‌ಫರ್ಟ್ ಒಟ್ಟು 16,500 ಕಿ.ಮೀ. ಆದರೂ 7,400 ಮತ್ತು 9,100 ಎಂದು ದಾರಿಯನ್ನು ಎರಡು ಸಹ್ಯ ತುಂಡುಗಳಾಗಿ ಒಡೆಯುತ್ತದೆ. ಎಚ್‌ಎಎಲ್ ನಿಲ್ದಾಣದ ಕಾಲದಿಂದ ಐಟಿಯವರು ಜರ್ಮನಿಯ ದಾರಿಗೆ ಒಗ್ಗಿಹೋದದ್ದರಲ್ಲಿ ಇದರ ಪಾಲೂ ಇದ್ದೀತು. ಹಾಂಗ್‌ಕಾಂಗ್ ಮೂಲಕ 15,100 ಕಿ.ಮೀ., ಅದರಲ್ಲಿ ದೊಡ್ಡ ತುಂಡು ಗಾಳಿಯ ಜೊತೆಯದು. ಹೋಗುವ ಪ್ರಯಾಣಕ್ಕೆ ಇದು ಒಳ್ಳೆಯ ಆಯ್ಕೆ ಎಂದು ನನಗೆ ತೋರುತ್ತದೆ.

ಇವೆಲ್ಲಕ್ಕಿಂತ ಚಿಕ್ಕ ಸುತ್ತು ದೆಹಲಿಯದು. ಬೆಂಗಳೂರಿನಿಂದ ದೆಹಲಿ 1,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 12,380 ಕಿ.ಮೀ.; ಎರಡನ್ನೂ ಕೂಡಿಸಿದರೆ ನೇರ ದಾರಿಗಿಂತ 100 ಕಿ.ಮೀ. ಆಸುಪಾಸು ಮಾತ್ರ ಹೆಚ್ಚು. ಅತಿ ಹತ್ತಿರದ ದಾರಿ ಉತ್ತರಕ್ಕೇ ಹೋಗುವುದರಿಂದ ದೆಹಲಿ ಹೆಚ್ಚುಕಡಿಮೆ ದಾರಿಯ ಮೇಲೇ ಇದೆ. ಆದರೂ ಅಮ್ಮನ ಟಿಕೆಟ್ ನೋಡುವಾಗ ನಾನು ಕಿಲೋಮೀಟರನ್ನು ಕೊನೆಗೆ ಇಡುತ್ತೇನೆ. ಒಂಟಿಯಾಗಿ ಹೋಗುವ, ಇಂಗ್ಲಿಷ್ ಅಷ್ಟಾಗಿ ಆಡದ ಹಿರಿಯರಿಗೆ ಬದಲಾಯಿಸುವ ನಿಲ್ದಾಣದಲ್ಲಿ ಮೂರು ಗಂಟೆಯಾದರೂ ಬಿಡುವಿರಬೇಕು, ಏಳೆಂಟು ಗಂಟೆ ಇರಬಾರದು, ಆ ಬಿಡುವು ನಡುರಾತ್ರಿಯಲ್ಲಿ ಬೀಳಬಾರದು, ಗಾಲಿಕುರ್ಚಿಯ ನೆರವನ್ನು ಮೊದಲೇ ಕೇಳಿಟ್ಟಿರಬೇಕು. ಹಿಂತಿರುಗುವಾಗ ದೆಹಲಿಯಲ್ಲಿ ಇಳಿದರೆ ಇಮಿಗ್ರೇಷನ್ ಸಾಲು ಅಲ್ಲಿಯೇ ಎದುರಾಗುತ್ತದೆ, ಅದಕ್ಕೂ ಸಮಯ ಬೇಕು.

ಇದಕ್ಕೆ ನೆಲದ ಮೇಲಿನ ಗಂಟೆಗಳನ್ನೂ ಕೂಡಿಸಬೇಕು, ಏಕೆಂದರೆ ಯಾವ ಹುಡುಕಾಟವೂ ಅವುಗಳನ್ನು ತೋರಿಸುವುದಿಲ್ಲ. ಬಸವನಗುಡಿಯಿಂದ ದೇವನಹಳ್ಳಿಗೆ 40 ಕಿ.ಮೀ.; ಹೆಬ್ಬಾಳದ ಮೇಲ್ಸೇತುವೆಯ ಅಂದಿನ ಸ್ಥಿತಿ ನೋಡಿ ಒಂದರಿಂದ ಎರಡು ಗಂಟೆ. ಹಾಸನದಿಂದಲೋ ಶಿವಮೊಗ್ಗದಿಂದಲೋ ಹೊರಟವರಿಗೆ ಇನ್ನರ್ಧ ದಿನ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಆ ತುದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಇರುವುದು ಆ ನಗರದೊಳಗಲ್ಲ, ಅದರ ದಕ್ಷಿಣದ ಸ್ಯಾನ್ ಮಟೇಯೊ ಕೌಂಟಿಯಲ್ಲಿ. ನಮ್ಮವರಲ್ಲಿ ಬಹುಪಾಲು ಜನ ಹೋಗುವುದು ಅಲ್ಲಿಂದ ಇನ್ನೂ ದಕ್ಷಿಣದ ಸನ್ನಿವೇಲ್‌ಗೋ ಕೊಲ್ಲಿಯ ಆಚೆ ದಡದ ಫ್ರೀಮಾಂಟ್‌ಗೋ ಆದ್ದರಿಂದ, ನಿಲ್ದಾಣ ಅವರಿಗೆ ಅನುಕೂಲದ ಕಡೆಯಲ್ಲೇ ಇದೆ. ಇಮಿಗ್ರೇಷನ್ ಮುಗಿಸಿ, ಸಾಮಾನು ತೆಗೆದುಕೊಂಡು, ಸಂಜೆಯ ಹೊತ್ತಿನಲ್ಲಿ ಸ್ಯಾನ್ ಮಟೇಯೊ ಸೇತುವೆ ದಾಟಿ ಫ್ರೀಮಾಂಟ್ ಸೇರುವುದಕ್ಕೆ ಎರಡೂವರೆ ಗಂಟೆ ಎಂದು ಹಿಡಿಯುವುದು ಕ್ಷೇಮ. ಹೀಗೆ ಮನೆಯ ಬಾಗಿಲಿನಿಂದ ಬಾಗಿಲಿಗೆ ನೇರ ವಿಮಾನದಲ್ಲಾದರೆ ಇಪ್ಪತ್ತಮೂರು ಗಂಟೆಯ ಆಸುಪಾಸು, ಒಂದು ಕಡೆ ಬದಲಾಯಿಸಿದರೆ ಇಪ್ಪತ್ತೆಂಟರಿಂದ ಮೂವತ್ತೆರಡು. ಅಮ್ಮ ಕೇಳಿದಾಗ ನಾನು ಹೇಳುವುದು ಈ ಎರಡನೆಯ ಅಂಕಿಗಳನ್ನು, ಏಕೆಂದರೆ ಮಾತ್ರೆಗಳನ್ನು ಎಣಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಬೇಕಾದದ್ದು ಅಷ್ಟು ಹೊತ್ತಿಗೆ.